ಇ-ಕಸ ಎಲ್ಲಿ ಕೊಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯಲ್ಲಿ ವರ್ಷಕ್ಕೆ ಎರಡು ಸಲ ಇ-ಕಸ ಸಂಗ್ರಹ ಮಾಡುತ್ತೇವೆ. ಯುಗಾದಿಗೆ ಮುಂಚೆ ಒಮ್ಮೆ, ಆಯುಧ ಪೂಜೆಗೆ ಮುಂಚೆ ಒಮ್ಮೆ. ಮನೆ ಸಾರಿಸಿ ಗುಡಿಸುವ ಹೊತ್ತಿನಲ್ಲೇ ಅಟ್ಟದ ಮೇಲಿನ ಹಳೇ ಮಿಕ್ಸಿ, ಕೆಟ್ಟುಹೋದ ಫೋನು, ಗೋಜಲಾದ ಚಾರ್ಜರ್ ವೈರು ಎಲ್ಲ ಹೊರಗೆ ಬರುತ್ತವೆ. ಆ ದಿನಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಇ-ಕಸ ಅಂದ್ರೆ ಕಂಪ್ಯೂಟರ್, ಮೊಬೈಲ್ ಅಷ್ಟೇ ಅಲ್ವಾ?

ಅಲ್ಲ. ಕರೆಂಟಿನಿಂದಲೋ ಬ್ಯಾಟರಿಯಿಂದಲೋ ನಡೆಯುವ ವಸ್ತು ಬೇಡವಾದರೆ ಅದು ಇ-ಕಸ. ಹಳೆಯ ನಿಯಮಗಳಲ್ಲಿ 21 ಬಗೆಯ ವಸ್ತುಗಳ ಪಟ್ಟಿ ಇತ್ತು. 2022ರ ನವೆಂಬರ್‌ನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಇ-ತ್ಯಾಜ್ಯ ನಿಯಮಗಳಲ್ಲಿ 106 ಬಗೆ ಇವೆ. ಟಿವಿ, ಫ್ರಿಜ್, ವಾಷಿಂಗ್ ಮಷೀನ್ ಅಷ್ಟೇ ಅಲ್ಲ, ಇಸ್ತ್ರಿ ಪೆಟ್ಟಿಗೆ, ಡ್ರಿಲ್ಲಿಂಗ್ ಮಷೀನ್, ಮಕ್ಕಳ ವಿಡಿಯೋ ಗೇಮ್, ಆಸ್ಪತ್ರೆಯ ಯಂತ್ರಗಳು, ಪ್ರಯೋಗಾಲಯದ ಉಪಕರಣಗಳು, ಸೋಲಾರ್ ಪ್ಯಾನೆಲ್ ಎಲ್ಲ ಸೇರಿವೆ.

ಕೆಲವು ವಸ್ತುಗಳ ಮೇಲೆ ಒಂದು ಗುರುತು ಇರುತ್ತದೆ: ಗಾಲಿ ಇರುವ ಕಸದ ಡಬ್ಬಿ, ಅದರ ಮೇಲೆ ಅಡ್ಡಡ್ಡ ಗೀಟು. ಇದನ್ನು ಮಾಮೂಲಿ ಕಸದ ಜೊತೆ ಹಾಕಬೇಡಿ ಅಂತ ಅದರ ಅರ್ಥ.

ಒಣ ಕಸದ ಜೊತೆ ಹಾಕಿಬಿಟ್ರೆ ಅವರೇ ಬೇರೆ ಮಾಡಿಕೊಳ್ಳಲ್ವಾ?

ಒಣ ಕಸದ ಕೇಂದ್ರಗಳಲ್ಲಿ ಜನ ಕೈಯಿಂದಲೇ ಆರಿಸುತ್ತಾರೆ. ಒಡೆದ ಬಲ್ಬು, ಸೋರುವ ಬ್ಯಾಟರಿ ಅವರ ಕೈಗೇ ತಗಲುತ್ತದೆ. ಇನ್ನು ಕಸದ ಲಾರಿಯಲ್ಲಿ ಎಲ್ಲವನ್ನೂ ಒತ್ತಿ ಅದುಮುತ್ತಾರೆ. ಫೋನಿನ ಲಿಥಿಯಂ ಬ್ಯಾಟರಿ ಅಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಿಕೊಳ್ಳಬಹುದು. ಆರಿಸದೆ ಉಳಿದದ್ದು ಕಸದ ಗುಡ್ಡ ಸೇರುತ್ತದೆ. ಮಳೆ ಬಂದಾಗ ಸೀಸ, ಕ್ಯಾಡ್ಮಿಯಂ, ಪಾದರಸ ಕರಗಿ ಕೆಳಗಿನ ನೀರಿಗೆ ಇಳಿಯುತ್ತವೆ. ಹಾಗಾಗಿ ನಮ್ಮ ಮನೆಯಲ್ಲೇ ಬೇರೆ ಇಡಬೇಕು. ಒಂದು ಹಳೇ ರಟ್ಟಿನ ಪೆಟ್ಟಿಗೆ ಸಾಕು. ಬ್ಯಾಟರಿಗೆ ಮಾತ್ರ ಬೇರೆ ಡಬ್ಬಿ ಇಡಿ.

ಸರಿ, ಎಲ್ಲಿ ಕೊಡೋದು ಅಂತ ನೇರವಾಗಿ ಹೇಳಿ.

ಮೂರು ದಾರಿ ಇವೆ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಯಲ್ಲೇ ಎಕ್ಸ್‌ಚೇಂಜ್ ಮಾಡುವುದು ಸುಲಭದ್ದು. ಅದಾಗದಿದ್ದರೆ ಆ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, 'ಹಳೆಯದನ್ನು ವಾಪಸ್ ತಗೊಳ್ತೀರಾ?' ಅಂತ ಕೇಳಿ. ದೊಡ್ಡ ಕಂಪನಿಗಳು ಅದಕ್ಕೆ ವ್ಯವಸ್ಥೆ ಮಾಡಿಕೊಂಡಿರುತ್ತವೆ. ಕೇಳುವವರು ಕಡಿಮೆ, ಅಷ್ಟೇ.

ಎರಡನೆಯ ದಾರಿ ನೋಂದಾಯಿತ ರೀಸೈಕ್ಲರ್. ಇವರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲ್‌ನಲ್ಲಿ ಸಿಗುತ್ತದೆ. ನಮ್ಮ ರಾಜ್ಯಕ್ಕೆ ಈ ಕೆಲಸ ಹೊಸದಲ್ಲ. ಸರ್ಕಾರದ ಒಪ್ಪಿಗೆ ಪಡೆದ ದೇಶದ ಮೊದಲ ಇ-ಕಸ ಘಟಕ ಶುರುವಾದದ್ದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ, 2005ರಲ್ಲಿ. ಅದರ ಹೆಸರು ಇ-ಪರಿಸರ. ಒಂದು ಫೋನು, ಎರಡು ಚಾರ್ಜರ್‌ಗೆ ಯಾರೂ ಗಾಡಿ ಕಳಿಸುವುದಿಲ್ಲ. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಒಟ್ಟು ಮಾಡಿದರೆ ಬರುತ್ತಾರೆ. ನಾವು ಶುರು ಮಾಡಿದ್ದೂ ಹಾಗೆಯೇ.

ಮೂರನೆಯದು ನಿಮ್ಮ ನಗರಪಾಲಿಕೆ, ಪುರಸಭೆ. ಊರಿನ ಕಸದಲ್ಲಿ ಬೆರೆತ ಇ-ಕಸವನ್ನು ಬೇರೆ ಮಾಡಿ ನೋಂದಾಯಿತರಿಗೆ ತಲುಪಿಸುವುದು, ತಯಾರಕರೇ ಸಿಗದ ವಸ್ತುಗಳನ್ನು ಸಂಗ್ರಹಿಸುವುದು ಅವರ ಕೆಲಸ ಅಂತ ನಿಯಮದಲ್ಲೇ ಇದೆ. ಎಲ್ಲ ಊರಲ್ಲೂ ಇದು ನಡೆಯುತ್ತಿಲ್ಲ. ಆದರೆ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕೇಳುವ ಹಕ್ಕು ನಿಮಗಿದೆ. ಕೇಳಿ.

ಯಾರಿಗೇ ಕೊಟ್ಟರೂ ನೋಂದಣಿ ಇದೆಯಾ ನೋಡಿ, ರಸೀದಿ ಪಡೆಯಿರಿ.

ಗುಜರಿಯವರಿಗೆ ಕೊಟ್ರೆ ದುಡ್ಡಾದ್ರೂ ಬರುತ್ತೆ. ಅವರಿಗೂ ಹೊಟ್ಟೆಪಾಡು. ಕೊಟ್ರೆ ತಪ್ಪೇನು?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ. ನ್ಯಾಯವಾದ ಪ್ರಶ್ನೆಯೂ ಹೌದು.

ಮನೆ ಬಾಗಿಲಿಗೆ ಬಂದು ಕಸ ಎತ್ತುವ ಕೆಲಸವನ್ನು ಈ ದೇಶದಲ್ಲಿ ಮೊದಲಿನಿಂದ ಮಾಡಿಕೊಂಡು ಬಂದವರು ಗುಜರಿಯವರೇ. ಅವರಷ್ಟು ಚೆನ್ನಾಗಿ ಯಾವ ಕಂಪನಿಯೂ ಸಂಗ್ರಹ ಮಾಡಿಲ್ಲ. ಸಂಗ್ರಹದಲ್ಲಿ ತೊಂದರೆ ಇಲ್ಲ. ಆಮೇಲಿನ ಹೆಜ್ಜೆಯಲ್ಲಿದೆ. ಟಿವಿ ಒಡೆದು ಒಳಗಿನ ತಾಮ್ರ ತೆಗೆಯುತ್ತಾರೆ. ವೈರಿನ ಪ್ಲಾಸ್ಟಿಕ್ ಸುಲಿಯಲು ಸಮಯ ಹಿಡಿಯುತ್ತದೆ ಅಂತ ಬೆಂಕಿಗೆ ಹಾಕುತ್ತಾರೆ. ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಲೋಹ ತೆಗೆದು, ಉಳಿದ ಆಸಿಡ್ಡನ್ನು ಚರಂಡಿಗೆ ಚೆಲ್ಲುತ್ತಾರೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಇಂಥ ಕೆಲಸಕ್ಕೆ ಹೆಸರಾದ ಊರುಗಳು. ಅದನ್ನು ಉಸಿರಾಡುವವರು ಬಡವರು. ಎಷ್ಟೋ ಕಡೆ ಹೆಂಗಸರು, ಮಕ್ಕಳು ಕೂಡ. ನಮಗೆ ಸಿಕ್ಕ ನೂರೈವತ್ತು ರೂಪಾಯಿಯ ಉಳಿದ ಬೆಲೆಯನ್ನು ಅವರು ತಮ್ಮ ಶ್ವಾಸಕೋಶದಿಂದ ಕಟ್ಟುತ್ತಾರೆ.

ನಾನು ಹೇಳುವುದು ಇಷ್ಟು. ಪೇಪರ್, ಕಬ್ಬಿಣ, ಸ್ಟೀಲು, ಬಾಟಲಿ ಧಾರಾಳವಾಗಿ ಗುಜರಿಯವರಿಗೆ ಕೊಡಿ. ಬೋರ್ಡ್, ಬ್ಯಾಟರಿ, ಪರದೆ, ಗ್ಯಾಸ್, ಪಾದರಸ ಇರುವ ಯಾವುದನ್ನೂ ಕೊಡಬೇಡಿ. ನಿಮ್ಮ ಗುಜರಿಯಣ್ಣ ನೋಂದಾಯಿತ ರೀಸೈಕ್ಲರ್‌ಗೆ ಒಡೆಯದೆ ಇಡಿಯಾಗಿ ತಲುಪಿಸುತ್ತಾರೆ ಅಂತ ಖಾತ್ರಿ ಇದ್ದರೆ ಅದು ಒಳ್ಳೆಯ ದಾರಿಯೇ. ಬೆಂಗಳೂರಿನಲ್ಲಿ ಹಸಿರು ದಳದಂಥ ಕಸ ಆರಿಸುವವರದೇ ಸಂಘಟನೆ ಒಣ ಕಸದ ಕೇಂದ್ರಗಳನ್ನು ನಡೆಸಿ ತೋರಿಸಿದೆ. ಅವರನ್ನು ಹೊರಗಿಟ್ಟು ಈ ಕೆಲಸ ಆಗುವುದಿಲ್ಲ.

ಅಟ್ಟದ ಮೇಲೆ ಸುಮ್ನೆ ಬಿದ್ದಿರುತ್ತೆ, ಇರಲಿ ಬಿಡಿ. ಯಾರಿಗೆ ತೊಂದರೆ?

ಮೊದಲನೆಯದಾಗಿ, ಬ್ಯಾಟರಿ ಒಳಗಿರುವ ಯಾವ ವಸ್ತುವೂ ಸುಮ್ನೆ ಬಿದ್ದಿರುವುದಿಲ್ಲ. ವರ್ಷಗಟ್ಟಲೆ ಚಾರ್ಜ್ ಇಲ್ಲದೆ, ಬೇಸಿಗೆಯ ಕಾವಿನಲ್ಲಿ ಅದು ಉಬ್ಬಬಹುದು. ಎರಡನೆಯದು ನನಗೆ ಜಾಸ್ತಿ ಬೇಸರ ತರಿಸುವುದು. ಎರಡು ವರ್ಷದ ಹಿಂದೆ ಕೊಟ್ಟಿದ್ದರೆ ಆ ಫೋನ್ ಇನ್ನೊಬ್ಬರ ಕೈಯಲ್ಲಿ ಓಡುತ್ತಿತ್ತು. ನಮ್ಮ ಅತ್ತೆಯವರ ಬೀರುವಿನಲ್ಲಿ ಏಳು ಫೋನ್ ಸಿಕ್ಕವು. ಇಟ್ಟಾಗ ಅದರಲ್ಲಿ ನಾಲ್ಕು ಚೆನ್ನಾಗಿಯೇ ಇದ್ದವು. ತೆಗೆದಾಗ ಒಂದೂ ಕೆಲಸಕ್ಕೆ ಬರಲಿಲ್ಲ. ಬೇಡ ಅನಿಸಿದ ತಿಂಗಳಲ್ಲೇ ದಾಟಿಸಿಬಿಡಿ.

ನಾನೊಬ್ಬ ಸರಿಯಾಗಿ ಕೊಟ್ರೆ ಏನು ವ್ಯತ್ಯಾಸ ಆಗುತ್ತೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 2019-20ರಲ್ಲಿ ದೇಶದ ಇ-ಕಸ 10.14 ಲಕ್ಷ ಟನ್. 2021-22ಕ್ಕೆ ಅದು 16.01 ಲಕ್ಷ ಟನ್. ಆ ವರ್ಷ ಸರಿಯಾದ ದಾರಿಗೆ ಬಂದದ್ದು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ನಮ್ಮ ನಿಮ್ಮಂಥವರ ಮನೆ, ಅಂಗಡಿ, ಕಚೇರಿಗಳಿಂದ ಬೇರೆ ದಾರಿ ಹಿಡಿದದ್ದೇ.

## ಒಂದೊಂದು ವಸ್ತುವಿನ ಮಾತು

ಫೋನಿನ ಬ್ಯಾಟರಿ ದಿಂಬಿನ ಹಾಗೆ ಉಬ್ಬಿದೆ. ಚುಚ್ಚಿ ಗಾಳಿ ತೆಗೀಬಹುದಾ?

ಖಂಡಿತ ಬೇಡ. ಒಳಗಿರುವುದು ಗಾಳಿ ಅಲ್ಲ, ಉರಿಯುವ ಅನಿಲ. ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಗುಲಿ ಬೆಂಕಿ ಬರುತ್ತದೆ. ಚಾರ್ಜ್ ಮಾಡುವುದನ್ನು ಕೂಡಲೇ ನಿಲ್ಲಿಸಿ. ಫೋನ್ ಸ್ವಿಚ್ ಆಫ್ ಮಾಡಿ. ಬ್ಯಾಟರಿ ಸಲೀಸಾಗಿ ಹೊರಗೆ ಬರುವಂತಿದ್ದರೆ ಮಾತ್ರ ತೆಗೆಯಿರಿ, ಒತ್ತಾಯ ಮಾಡಬೇಡಿ. ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲೋ ಮಣ್ಣಿನ ಕುಂಡದಲ್ಲೋ ಇಟ್ಟು, ಮನೆಯಿಂದ ಹೊರಗೆ, ಬಿಸಿಲು ಬೀಳದ ಕಡೆ ಇಡಿ. ಆದಷ್ಟು ಬೇಗ ಸರ್ವಿಸ್ ಸೆಂಟರ್‌ಗೆ ತಲುಪಿಸಿ.

ಉಬ್ಬದೇ ಇರುವ ಬ್ಯಾಟರಿಗೂ ಒಂದು ಮಾತು. ಕೊಡುವ ಮುಂಚೆ ಎರಡು ತುದಿಗೂ ಸೆಲ್ಲೋ ಟೇಪ್ ಅಂಟಿಸಿ. ಒಮ್ಮೆ ನಮ್ಮ ಸಂಗ್ರಹದ ದಿನ ಯಾರೋ ಪ್ಲಾಸ್ಟಿಕ್ ಡಬ್ಬಿಯ ತುಂಬ ಬಿಡಿ ಬ್ಯಾಟರಿ, ಮೊಳೆ, ಕೀಲಿಕೈ ಎಲ್ಲ ಒಟ್ಟಿಗೆ ತಂದಿಟ್ಟು ಹೋದರು. ಅರ್ಧ ಗಂಟೆಯಲ್ಲಿ ಡಬ್ಬಿಯಿಂದ ಹೊಗೆ ಬಂತು. ಪಕ್ಕದಲ್ಲೇ ಮಕ್ಕಳು ನಿಂತಿದ್ದರು. ಒಬ್ಬರು ಓಡಿ ಹೋಗಿ ಅದನ್ನು ಮರಳಿನ ರಾಶಿಗೆ ಸುರಿದರು, ಏನೂ ಅನಾಹುತ ಆಗಲಿಲ್ಲ. ಆವತ್ತಿನಿಂದ ಟೇಪ್ ಇಲ್ಲದ ಬ್ಯಾಟರಿ ನಾವು ತೆಗೆದುಕೊಳ್ಳುವುದಿಲ್ಲ.

ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬು ಒಡೆದುಹೋಯ್ತು. ಗುಡಿಸಿ ಹಾಕಿದ್ರೆ ಸಾಕಾ?

ಇವುಗಳಲ್ಲಿ ಪಾದರಸ ಇರುತ್ತದೆ. ಸಿಎಫ್‌ಎಲ್‌ನಲ್ಲಿ ಕೆಲವೇ ಮಿಲಿಗ್ರಾಂ. ಗಾಬರಿ ಬೇಡ, ಆದರೆ ಪೊರಕೆಯೂ ಬೇಡ. ಗುಡಿಸಿದರೆ ಆ ಪುಡಿ ಎದ್ದು ಕೋಣೆ ತುಂಬ ಹರಡುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ನೀವೂ ಹೊರಗಿರಿ. ಆಮೇಲೆ ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಟೇಪಿಗೆ ಅಂಟಿಸಿ ತೆಗೆಯಿರಿ. ನೆಲವನ್ನು ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಗಾಜಿನ ಉಪ್ಪಿನಕಾಯಿ ಬಾಟಲಿಗೆ ಹಾಕಿ ಮುಚ್ಚಿ, ಮೇಲೆ 'ಪಾದರಸ' ಅಂತ ಬರೆದು ಕೊಡಿ. ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ. ಒಳಗೆ ಸಣ್ಣ ಬೋರ್ಡ್ ಇರುತ್ತದೆ, ಅದನ್ನು ಇ-ಕಸದ ಪೆಟ್ಟಿಗೆಗೆ ಹಾಕಿ.

ತಾತನ ಕಾಲದ ಡಬ್ಬಾ ಟಿವಿ ಇದೆ. ಯಾರೂ ತಗೊಳ್ತಿಲ್ಲ.

ತೆಗೆದುಕೊಳ್ಳದಿರಲು ಕಾರಣ ಇದೆ. ಅದರ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಸೇರಿರುತ್ತದೆ. ಈಗ ಅಂಥ ಟ್ಯೂಬ್ ಮಾಡುವವರು ಇಲ್ಲದ ಕಾರಣ ಆ ಗಾಜಿಗೆ ಬೆಲೆ ಇಲ್ಲ. ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ಖಾಲಿ ಸೈಟಿಗೆ ಎಸೆಯುವುದು ಇದೇ ಕಾರಣಕ್ಕೆ. ನೋಂದಾಯಿತ ರೀಸೈಕ್ಲರ್‌ಗೇ ಕೊಡಿ, ಸಾಗಿಸುವ ಖರ್ಚು ಕೇಳಿದರೂ ಕೊಟ್ಟುಬಿಡಿ. ದುಡ್ಡು ಕೊಟ್ಟಾದರೂ ಸರಿಯಾದ ಕೈಗೆ ಒಪ್ಪಿಸಬೇಕಾದ ವಸ್ತು ಮನೆಯಲ್ಲಿ ಇದೊಂದೇ ಇರಬಹುದು.

ಫ್ರಿಜ್, ಎಸಿ?

ಬಿಚ್ಚದೆ ಇಡಿಯಾಗಿ ಕೊಡಿ. ಪೈಪ್ ಕತ್ತರಿಸಿದರೆ ಒಳಗಿನ ಗ್ಯಾಸ್ ಹೊರಗೆ ಹೋಗುತ್ತದೆ. ಹಳೆಯ ಫ್ರಿಜ್‌ಗಳ ಆರ್-12 ಗ್ಯಾಸ್ ಓಝೋನ್ ಪದರಕ್ಕೆ ಹಾನಿ ಮಾಡುವಂಥದ್ದು. ಆಮೇಲೆ ಬಂದ ಆರ್-134ಎ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲವಾದದ್ದು. ಈಗಿನ ಫ್ರಿಜ್‌ಗಳ ಆರ್-600ಎ ಉರಿಯುವ ಗ್ಯಾಸ್. ಯಾವುದಾದರೂ ಸರಿ, ಮನೆ ಮುಂದೆ ಬಿಚ್ಚಿಸಬೇಡಿ.

ಯುಪಿಎಸ್ ಬ್ಯಾಟರಿಯೂ ಇ-ಕಸಕ್ಕೆ ಹಾಕೋದಾ?

ಇಲ್ಲ. ಬ್ಯಾಟರಿಗಳಿಗೆ 2022ರ ಆಗಸ್ಟ್‌ನಲ್ಲಿ ಬಂದ ಬೇರೆಯದೇ ನಿಯಮಗಳಿವೆ. ಮನೆಯ ಕಸದಿಂದ ಬೇರೆ ಇಡುವುದು, ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಸುವವರ ಜವಾಬ್ದಾರಿ ಅಂತ ಅಲ್ಲಿದೆ. ಯುಪಿಎಸ್, ಕಾರಿನ ಬ್ಯಾಟರಿಗೆ ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ. ಹೊಸದು ಕೊಳ್ಳುವ ಡೀಲರ್ ಅಂಗಡಿಯಲ್ಲೇ ಕೊಡಿ. ಒಳಗಿನ ಆಸಿಡ್ ಚೆಲ್ಲಿ ಖಾಲಿ ಮಾಡಿಕೊಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ, ಆಸಿಡ್ ಜೊತೆ ಸೀಸವೂ ಮಣ್ಣಿಗೆ ಹೋಗುತ್ತದೆ.

ಹಳೇ ಫೋನ್ ಕೊಟ್ರೆ ನಮ್ಮ ಫೋಟೋ, ಬ್ಯಾಂಕ್ ವಿವರ ಯಾರದೋ ಕೈಗೆ ಹೋಗಲ್ವಾ?

ಈ ಭಯದಿಂದಲೇ ಎಷ್ಟೋ ಜನ ಕೊಡುವುದಿಲ್ಲ. ಭಯ ಸರಿಯಾದದ್ದೇ, ಪರಿಹಾರವೂ ಇದೆ. ಬೇಕಾದ ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಯುಪಿಐ, ಬ್ಯಾಂಕ್ ಆ್ಯಪ್, ವಾಟ್ಸಾಪ್ ಹೊಸ ಫೋನಿನಲ್ಲಿ ಸರಿಯಾಗಿ ಓಡುತ್ತಿವೆಯಾ ನೋಡಿಕೊಳ್ಳಿ. ಆಮೇಲೆ ಹಳೆಯದರಲ್ಲಿ ಗೂಗಲ್ ಅಥವಾ ಆ್ಯಪಲ್ ಅಕೌಂಟ್ ತೆಗೆದುಹಾಕಿ, ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡಿ. ಅಕೌಂಟ್ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಲಾಕ್ ಆಗುತ್ತದೆ, ಚೆನ್ನಾಗಿದ್ದರೂ ಮುಂದಿನವರಿಗೆ ಉಪಯೋಗಕ್ಕೆ ಬರುವುದಿಲ್ಲ. ಸಿಮ್, ಮೆಮೊರಿ ಕಾರ್ಡ್ ಕೈಯಲ್ಲಿ ತೆಗೆದುಕೊಂಡು ಎಣಿಸಿ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬೇರೆ ಮಾತು. 'ಡಿಲೀಟ್' ಮಾಡಿದ್ದು ಅಳಿದಿರುವುದಿಲ್ಲ. ಅದರ ಮೇಲೆ ಪೂರ್ತಿ ಬೇರೆ ಮಾಹಿತಿ ಬರೆದು ಅಳಿಸುವ ಉಚಿತ ಸಾಫ್ಟ್‌ವೇರ್‌ಗಳಿವೆ. ಕಂಪ್ಯೂಟರ್ ಆನ್ ಆಗುವುದೇ ಇಲ್ಲ ಅಂದರೆ ಡಿಸ್ಕನ್ನು ಬಿಚ್ಚಿಸಿ ಮನೆಯಲ್ಲಿಟ್ಟುಕೊಂಡು ಉಳಿದದ್ದನ್ನು ಕೊಡಿ.

ಇದರಲ್ಲಿ ಚಿನ್ನ ಇರುತ್ತಂತಲ್ಲ? ಮನೇಲೇ ತೆಗೆಯೋ ವಿಡಿಯೋ ನೋಡಿದೆ.

ಇರುವುದು ನಿಜ. ಒಂದು ಫೋನಿನಲ್ಲಿ ಸುಮಾರು 30 ಮಿಲಿಗ್ರಾಂ. ಒಂದು ಟನ್ ಫೋನು ಸೇರಿದರೆ ನೂರಾರು ಗ್ರಾಂ ಆಗುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದದ್ದು ಬರೀ ಕೆಲವು ಗ್ರಾಂ. ಅದಕ್ಕೇ ಇದನ್ನು ನಗರದ ಗಣಿ ಅನ್ನುತ್ತಾರೆ. ಆದರೆ ಮನೆಯಲ್ಲಿ ನೈಟ್ರಿಕ್ ಆಸಿಡ್ ಇಟ್ಟುಕೊಂಡು ಈ ಕೆಲಸಕ್ಕೆ ಕೈ ಹಾಕಬೇಡಿ. ಅದರಿಂದ ಏಳುವ ಕೆಂಪು ಕಂದು ಹೊಗೆ ಶ್ವಾಸಕೋಶದೊಳಗೆ ನೀರು ತುಂಬಿಸುತ್ತದೆ. ಕೆಲವೊಮ್ಮೆ ಕೆಲವು ಗಂಟೆ ಕಳೆದ ಮೇಲೆ ಅದು ಗೊತ್ತಾಗುವುದು.

## ನಿಯಮದ ಒಳಗೆ

ಮನೆಯವರು ತಪ್ಪು ಮಾಡಿದ್ರೆ ದಂಡ ಇದೆಯಾ?

2016ರ ನಿಯಮಗಳಲ್ಲಿ ಗ್ರಾಹಕರ ಜವಾಬ್ದಾರಿ ಅಂತ ಒಂದು ಭಾಗ ಇತ್ತು. 2022ರ ನಿಯಮಗಳಲ್ಲಿ ಆ ಭಾಗ ಬಲ್ಕ್ ಗ್ರಾಹಕರಿಗೆ, ಅಂದರೆ ಇಂಥ ವಸ್ತುಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಳಸುವ ಸಂಸ್ಥೆಗಳಿಗೆ, ಮಾತ್ರ ಉಳಿಯಿತು. ಕಸ ಬೇರೆ ಮಾಡದಿದ್ದರೆ, ಬೀದಿಯಲ್ಲಿ ಸುಟ್ಟರೆ ಸ್ಥಳೀಯ ಸಂಸ್ಥೆ ದಂಡ ಹಾಕಬಹುದು, ಅದು ಬೇರೆ ನಿಯಮ. ಕಂಪನಿ, ರೀಸೈಕ್ಲರ್‌ಗಳ ಮಟ್ಟಿಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿ 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇದೆ. ಅದರ ಜೊತೆ ಪರಿಸರ ಪರಿಹಾರದ ಮೊತ್ತವನ್ನೂ, ಅಂದರೆ ಪರಿಸರಕ್ಕಾದ ಹಾನಿಗೆ ಕಟ್ಟಬೇಕಾದ ದುಡ್ಡನ್ನೂ, ವಸೂಲಿ ಮಾಡಬಹುದು. ಗ್ರಾಹಕರ ಭಾಗ ಕೈಬಿಟ್ಟದ್ದು ನನಗೆ ಸರಿ ಅನಿಸಿಲ್ಲ. ದಂಡ ಬೇಕು ಅಂತಲ್ಲ. ನಮ್ಮ ಪಾಲಿನ ಕೆಲಸ ಏನು ಅಂತ ಒಂದು ಸಾಲಾದರೂ ಇರಬೇಕಿತ್ತು.

ಕಂಪನಿಗಳ ಜವಾಬ್ದಾರಿ ಅಂತೀರಲ್ಲ, ಅದು ಹೇಗೆ ನಡೆಯುತ್ತೆ?

ಒಂದು ಲೆಕ್ಕ ಹಾಕೋಣ. ಒಂದು ವಸ್ತುವಿನ ಸರಾಸರಿ ಆಯುಸ್ಸು ಹತ್ತು ವರ್ಷ ಅಂತ ಇಟ್ಟುಕೊಳ್ಳಿ. ಒಂದು ಕಂಪನಿ 2015-16ರಲ್ಲಿ 100 ಟನ್ ಮಾರಿದೆ. ಹತ್ತು ವರ್ಷ ಆದ ಮೇಲೆ, 2025-26ರಲ್ಲಿ, ಅದರ ಶೇ 70ರಷ್ಟು, ಅಂದರೆ 70 ಟನ್ ರೀಸೈಕಲ್ ಆಗಿದೆ ಅಂತ ಕಂಪನಿ ತೋರಿಸಬೇಕು. ಮೊದಲ ಎರಡು ವರ್ಷಕ್ಕೆ ಗುರಿ ಶೇ 60 ಇತ್ತು, 2027-28ರಿಂದ ಶೇ 80 ಆಗುತ್ತದೆ.

ತೋರಿಸುವುದು ಹೇಗೆ? ನೋಂದಾಯಿತ ರೀಸೈಕ್ಲರ್ ಕಸದಿಂದ ತೆಗೆದ ಲೋಹದ ಲೆಕ್ಕದ ಮೇಲೆ ಪೋರ್ಟಲ್‌ನಲ್ಲಿ ಇಪಿಆರ್ (ತಯಾರಕರ ವಿಸ್ತೃತ ಹೊಣೆ) ಪ್ರಮಾಣಪತ್ರ ಹುಟ್ಟುತ್ತದೆ. ಕಂಪನಿ ಅದನ್ನು ಕೊಳ್ಳುತ್ತದೆ. ಆ ದುಡ್ಡೇ ರೀಸೈಕ್ಲರ್‌ಗೆ ಕಸ ಕೊಳ್ಳುವ ಶಕ್ತಿ. ಪ್ರಮಾಣಪತ್ರ ತೀರಾ ಅಗ್ಗವಾದರೆ ಗುಜರಿಗೆ ಸಮನಾಗಿ ನಮಗೆ ಬೆಲೆ ಕೊಡಲು ಅವರಿಗೆ ಆಗುವುದಿಲ್ಲ. ಅದಕ್ಕೇ 2024ರಲ್ಲಿ ತಿದ್ದುಪಡಿ ತಂದು, ಅದರ ಬೆಲೆ ಪರಿಸರ ಪರಿಹಾರ ಮೊತ್ತದ ಶೇ 30ಕ್ಕಿಂತ ಕೆಳಗಿಳಿಯದಂತೆ, ಶೇ 100 ಮೀರದಂತೆ ಕಟ್ಟು ಹಾಕಿದರು.

ನಮ್ಮ ಕಾಲೇಜು 'ಬಲ್ಕ್ ಗ್ರಾಹಕ' ಆಗುತ್ತಾ?

ಪಟ್ಟಿಯಲ್ಲಿರುವ ವಸ್ತುಗಳು ಆರ್ಥಿಕ ವರ್ಷದ ಯಾವುದೇ ಹೊತ್ತಿನಲ್ಲಿ ಒಟ್ಟು ಸಾವಿರ ಬಳಕೆಯಲ್ಲಿದ್ದರೆ ಆಗುತ್ತದೆ. ಕಂಪ್ಯೂಟರ್ ಒಂದೇ ಎಣಿಸಬೇಡಿ. ಪ್ರಿಂಟರ್, ಎಸಿ, ಟ್ಯೂಬ್‌ಲೈಟ್, ಲ್ಯಾಬ್ ಉಪಕರಣ ಎಲ್ಲ ಸೇರಿಸಿದರೆ ಮಧ್ಯಮ ಗಾತ್ರದ ಕಾಲೇಜು ಸುಲಭವಾಗಿ ದಾಟುತ್ತದೆ. ಆಗ ಇ-ಕಸವನ್ನು ನೋಂದಾಯಿತ ತಯಾರಕ, ರಿಫರ್ಬಿಷರ್ (ಹಳೆಯದನ್ನು ಸರಿ ಮಾಡಿ ಮಾರುವವರು) ಅಥವಾ ರೀಸೈಕ್ಲರ್‌ಗೆ ಮಾತ್ರ ಕೊಡಬೇಕು. ಹೆಚ್ಚು ಬೆಲೆ ಕೂಗಿದವರಿಗೆ ಹರಾಜು ಹಾಕುವ ಹಳೆಯ ಪದ್ಧತಿ ಬಿಡಬೇಕು. ಹರಾಜು ಕರೆಯಲೇಬೇಕಾದರೆ ನೋಂದಣಿ ಇದ್ದವರು ಮಾತ್ರ ಭಾಗವಹಿಸಬೇಕು ಅಂತ ಷರತ್ತು ಹಾಕಿ.

ನಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ. ನಾನೂ ನೋಂದಣಿ ಮಾಡಿಸಬೇಕಾ?

ಗ್ರಾಹಕರು ತಂದ ಫೋನ್ ಸರಿ ಮಾಡಿ ಅವರಿಗೇ ಕೊಡುವುದು ಬೇರೆ, ಹಳೆಯದನ್ನು ಸರಿ ಮಾಡಿ ಮಾರುವ ರಿಫರ್ಬಿಷರ್ ಬೇರೆ. ಅತಿ ಸಣ್ಣ ಉದ್ಯಮಗಳನ್ನು ಈ ನಿಯಮಗಳಿಂದ ಹೊರಗೂ ಇಟ್ಟಿದ್ದಾರೆ. ಆದರೂ ಬದಲಿಸಿದ ಬ್ಯಾಟರಿ, ಡಿಸ್‌ಪ್ಲೇ, ಬೋರ್ಡನ್ನು ಚೀಲದಲ್ಲಿ ಕೂಡಿಟ್ಟು ಸರಿಯಾದ ಕಡೆ ಕೊಡಿ. ಒಂದು ಮಾತು ಮನಸಾರೆ ಹೇಳುತ್ತೇನೆ: ಇ-ಕಸ ಕಡಿಮೆ ಮಾಡುವುದರಲ್ಲಿ ನಿಮ್ಮ ಪಾಲು ನಮ್ಮೆಲ್ಲರಿಗಿಂತ ದೊಡ್ಡದು. ನೀವು ಎರಡು ವರ್ಷ ಹೆಚ್ಚು ಓಡಿಸಿದ ಫೋನು ಎರಡು ವರ್ಷ ಕಸ ಆಗುವುದಿಲ್ಲ.

ಮನೆ ಮೇಲೆ ಸೋಲಾರ್ ಹಾಕಿಸಿದ್ದೇವೆ. ಆ ಪ್ಯಾನೆಲ್ ಮುಂದೆ ಏನಾಗುತ್ತೆ?

ಇದು ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್ ಇರುವ ನಮ್ಮ ರಾಜ್ಯಕ್ಕೆ ಮುಖ್ಯವಾದ ಪ್ರಶ್ನೆ. ನಿಯಮದಲ್ಲಿ ಸೋಲಾರ್‌ಗೆ ಬೇರೆ ಅಧ್ಯಾಯವೇ ಇದೆ. 2034-35ರವರೆಗೆ ಬರುವ ಪ್ಯಾನೆಲ್ ಕಸವನ್ನು ತಯಾರಕರು ಕೂಡಿಟ್ಟು ಲೆಕ್ಕ ಒಪ್ಪಿಸಬೇಕು. ನೀವು ಬಿಲ್ಲು, ವಾರಂಟಿ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ನಂತರ ಯಾರನ್ನು ಕೇಳಬೇಕು ಅಂತ ಗೊತ್ತಾಗುವುದು ಅದರಿಂದಲೇ.

ನಾನು ಜರ್ಮನಿಯಲ್ಲಿದ್ದೀನಿ. ಹಳೇ ಲ್ಯಾಪ್‌ಟಾಪ್ ಊರಿಗೆ ಬರುವಾಗ ತಂದುಬಿಡಲಾ?

ಓಡುತ್ತಿದ್ದು, ಯಾರಾದರೂ ಬಳಸುವುದಾದರೆ ಒಳ್ಳೆಯದು. ಕಸ್ಟಮ್ಸ್ ನಿಯಮ ನೋಡಿಕೊಳ್ಳಿ. ಕೆಟ್ಟಿದ್ದರೆ ತರಬೇಡಿ, ಅಲ್ಲೇ ಕೊಡಿ. ಅಲ್ಲಿ 400 ಚದರ ಮೀಟರ್‌ಗಿಂತ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗಳು 25 ಸೆಂಟಿಮೀಟರ್ ಮೀರದ ಸಣ್ಣ ಉಪಕರಣಗಳನ್ನು, ನೀವು ಏನೂ ಕೊಳ್ಳದಿದ್ದರೂ, ವಾಪಸ್ ಪಡೆಯಲೇಬೇಕು. ಅದಕ್ಕಿಂತ ದೊಡ್ಡದಾದ ಲ್ಯಾಪ್‌ಟಾಪನ್ನು ನಿಮ್ಮ ಊರಿನ ಸಂಗ್ರಹ ಕೇಂದ್ರಕ್ಕೆ ಪುಕ್ಕಟೆ ಕೊಡಬಹುದು.

ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಎಲ್ಲ ಲೋಹವೂ ವಾಪಸ್ ಬರುತ್ತಾ?

ಇಲ್ಲ. ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕಕ್ಕೆ. ಬೆಳ್ಳಿ, ಪಲ್ಲಾಡಿಯಂ, ಸ್ಪೀಕರ್ ಅಯಸ್ಕಾಂತದ ನಿಯೋಡಿಮಿಯಂ ತೆಗೆದರೂ ಅದಕ್ಕೆ ಪ್ರಮಾಣಪತ್ರದ ದುಡ್ಡಿಲ್ಲ. ಹಾಗಾಗಿ ಸುಲಭವಾಗಿ ಸಿಗುವ ಲೋಹ ತೆಗೆದು ಉಳಿದದ್ದನ್ನು ಬಿಡುವ ಆಸೆ ಹುಟ್ಟುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇ-ಕಸ, ಲಿಥಿಯಂ ಬ್ಯಾಟರಿಗಳಿಂದ ದೇಶಕ್ಕೆ ಅತ್ಯಗತ್ಯವಾದ ಖನಿಜ ತೆಗೆಯುವವರಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಅದು. ನಾಲ್ಕು ಲೋಹದ ಪಟ್ಟಿ ಬೆಳೆಯುವವರೆಗೆ ನಾವು ಒಂದು ಕೆಲಸ ಮಾಡುತ್ತಿದ್ದೇವೆ. ನಮ್ಮ ಕಸ ಒಯ್ಯುವ ರೀಸೈಕ್ಲರನ್ನು ಪ್ರತಿ ಸಲ ಕೇಳುತ್ತೇವೆ: ಬೋರ್ಡ್‌ಗಳನ್ನು ಮುಂದೆ ಯಾರಿಗೆ ಕಳಿಸುತ್ತೀರಿ? ಕಳೆದ ಸಲ ಅವರು ಕಾಗದ ತೆಗೆದು ತೋರಿಸಿದರು.